2 ಜಿಬಿ ಕಾರ್ಡ್ ತೆಗೆದು 4 ಜಿಬಿ ಹಾಕಿದರೆ ಎಡಿಟಿಂಗ್ ಸ್ಪೀಡ್ ಆಗ್ತದಾ? ಗ್ರಾಫಿಕ್ಸ್ ಕಾರ್ಡ್ ಗೊತ್ತಿದ್ದವರು ಬುಡದಿಂದ ಹೇಳಿ

ಕಟಪಾಡಿ ಕ್ಯಾಮೆರಾ

ಎಲ್ಲರಿಗೂ ನಮಸ್ಕಾರ. ನಾನು ಮದುವೆ, ಮೆಹೆಂದಿ, ಗೃಹಪ್ರವೇಶದ ವಿಡಿಯೋ ಮಾಡುವವ. ಸೀಸನ್‌ನಲ್ಲಿ ಯಕ್ಷಗಾನದ ರೆಕಾರ್ಡಿಂಗ್ ಕೂಡ ಉಂಟು. ಪತ್ತನಾಜೆ (ಯಕ್ಷಗಾನದ ಸೀಸನ್ ಮುಗಿಯುವ ದಿನ) ಕಳೆದು ಯಕ್ಷಗಾನದ ಆಟ ನಿಂತಿದೆ, ಈಗ ಬಾಕಿ ಇರುವ ಎಡಿಟಿಂಗ್ ಎಲ್ಲ ಮುಗಿಸಬೇಕು. ಆದರೆ ಹೊಸ ಸೋನಿ ಕ್ಯಾಮೆರಾ ತೆಗೆದುಕೊಂಡ ಮೇಲೆ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಟೈಮ್‌ಲೈನ್ ಓಡುವುದೇ ಇಲ್ಲ. ಪ್ಲೇ ಒತ್ತಿದರೆ ಚೆಂಡೆಯ ಸದ್ದು ಸರಿ ಕೇಳ್ತದೆ, ವೇಷ ಮಾತ್ರ ನಿಂತು ನಿಂತು ಕುಣಿಯುತ್ತದೆ.

ಕಂಪ್ಯೂಟರ್: ಐ5 12400ಎಫ್ ಪ್ರೊಸೆಸರ್, 16 ಜಿಬಿ ರ‍್ಯಾಮ್, ಜಿಟಿ 730 2 ಜಿಬಿ ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಡಬ್ಬ). ಒಂದು ಅಂಗಡಿಯಲ್ಲಿ ವಿಚಾರಿಸಿದೆ. "2 ಜಿಬಿ ತೆಗೆದು ಇದೇ 730ರಲ್ಲಿ 4 ಜಿಬಿ ಹಾಕಿ, ಡಬಲ್ ಸ್ಪೀಡ್ ಆಗ್ತದೆ" ಅಂದರು. ಬೇಕಾದರೆ 30 ಸಾವಿರದವರೆಗೆ ಖರ್ಚು ಮಾಡಬಲ್ಲೆ. ಆದರೆ ಈ ಕಾರ್ಡ್ ಒಳಗೆ ಎಂತ ನಡೀತದೆ ಅಂತ ಗೊತ್ತಿಲ್ಲದೆ ದುಡ್ಡು ಹಾಕಲು ಮನಸ್ಸಿಲ್ಲ.

ಬಿಜೈ ಬೆಂಚ್

ಅಣ್ಣ, ಆ 4 ಜಿಬಿ 730 ದಯವಿಟ್ಟು ತೆಗೆದುಕೊಳ್ಳಬೇಡಿ. ನಾನು ರಿಪೇರಿ ಕೆಲಸದವ. ಜಿಬಿ ನೋಡಿ ಕಾರ್ಡ್ ಕೊಂಡು ಆಮೇಲೆ ಬೇಜಾರಲ್ಲಿ ನಮ್ಮ ಮೇಜಿಗೆ ತರುವವರು ತುಂಬಾ ಜನ. ಅದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ಜಿಬಿ ಅಂದರೆ ಕಾರ್ಡ್ ಮೇಲಿರುವ ಮೆಮೊರಿ ಎಷ್ಟು ಅಂತ ಮಾತ್ರ. ಅದು ಜಾಗದ ಲೆಕ್ಕ, ವೇಗದ ಲೆಕ್ಕ ಅಲ್ಲ.

ಬುಡದಿಂದ ಹೇಳ್ತೇನೆ. ನಿಮ್ಮ ಮಾನಿಟರ್ ಫುಲ್ ಎಚ್‌ಡಿ ಅಂತ ಇಟ್ಟುಕೊಳ್ಳಿ. ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕಿಗಳು. ಸೆಕೆಂಡಿಗೆ 60 ಸಲ ಚಿತ್ರ ಬದಲಾಗಬೇಕಾದರೆ ಸುಮಾರು 12 ಕೋಟಿ 44 ಲಕ್ಷ ಸಲ "ಈ ಚುಕ್ಕಿಗೆ ಯಾವ ಬಣ್ಣ" ಅಂತ ತೀರ್ಮಾನ ಆಗಬೇಕು. ಅದೂ ಒಂದೇ ಸೆಕೆಂಡಲ್ಲಿ. ಒಂದೊಂದು ಲೆಕ್ಕವೂ ಸಣ್ಣದು. ಮತ್ತೆ, ಹೆಚ್ಚಿನ ಸಲ ಒಂದು ಚುಕ್ಕಿಯ ಲೆಕ್ಕಕ್ಕೆ ಪಕ್ಕದ ಚುಕ್ಕಿಯ ಉತ್ತರ ಬರುವ ತನಕ ಕಾಯಬೇಕಾಗಿಲ್ಲ.

ಹಾಗಾಗಿ ಕೆಲಸ ಹಂಚಬಹುದು. ಮದುವೆಯ ಹಿಂದಿನ ದಿನ ಸಂಜೆ ತರಕಾರಿ ಹೆಚ್ಚಲು ಊರವರೆಲ್ಲ ಬಂದು ಕೂರುತ್ತಾರಲ್ಲ, ಹಾಗೆ. ಸಾಂಬಾರಿನ ಹದ ನೋಡಲು ಒಬ್ಬರು ಅಡಿಗೆ ಭಟ್ರು ಬೇಕು, ಸೌತೆಕಾಯಿ ಹೆಚ್ಚಲು ನೂರು ಕೈ ಬೇಕು. ಪ್ರೊಸೆಸರ್ ಅಂದರೆ ಭಟ್ರು, ಗ್ರಾಫಿಕ್ಸ್ ಕಾರ್ಡ್ ಅಂದರೆ ಆ ನೂರು ಕೈ. ನಿಮ್ಮ 12400ಎಫ್‌ನಲ್ಲಿ ಇರುವುದು 6 ಕೋರ್. ಆರ್‌ಟಿಎಕ್ಸ್ 3060 ಕಾರ್ಡ್‌ನಲ್ಲಿ 3584. ಎರಡೂ ಒಂದೇ ಜಾತಿಯ ಕೋರ್ ಅಲ್ಲ, ಅಕ್ಕಪಕ್ಕ ಇಟ್ಟು ತೂಗಬಾರದು. ಪ್ರೊಸೆಸರಿನ ಒಂದೊಂದು ಕೋರ್ ಕೂಡ ಕಷ್ಟದ, ತಿರುವು ಮುರುವಿನ ಕೆಲಸ ಮಾಡಬಲ್ಲದು. ಕಾರ್ಡ್‌ನ ಕೋರ್‌ಗಳು ಗುಂಪು ಗುಂಪಾಗಿ ಒಂದೇ ಬಗೆಯ ಲೆಕ್ಕ ಮಾಡುತ್ತವೆ.

ಇನ್ನೊಂದು. ಚಿಪ್ ಮಾಡಿಸುವ ಕಂಪೆನಿ ಬೇರೆ, ಕಾರ್ಡ್ ಮಾಡುವ ಕಂಪೆನಿ ಬೇರೆ. ಚಿಪ್ ಎನ್ವಿಡಿಯಾ, ಎಎಂಡಿ, ಇಲ್ಲವೇ ಇಂಟೆಲ್‌ನದ್ದು. ಅದನ್ನು ತೆಗೆದುಕೊಂಡು ಬೋರ್ಡ್, ಫ್ಯಾನ್ ಎಲ್ಲ ಸೇರಿಸಿ ಏಸಸ್, ಎಂಎಸ್‌ಐ, ಗಿಗಾಬೈಟ್, ಝೋಟ್ಯಾಕ್ ಹೀಗೆ ಬೇರೆ ಬೇರೆಯವರು ಮಾರುತ್ತಾರೆ. ಚಿಪ್ ಒಂದೇ ಆದರೆ ಓಟದಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಬಿಸಿ, ಸದ್ದು, ವಾರಂಟಿ ಇದರಲ್ಲೇ ವ್ಯತ್ಯಾಸ.

ಮಲ್ಪೆ ಗೇಮರ್

ಚೆನ್ನಾಗಿ ಹೇಳಿದ್ರಿ ಅಣ್ಣ. ಒಂದು ಸೇರಿಸ್ತೇನೆ. ಗ್ರಾಫಿಕ್ಸ್ ಚಿಪ್‌ಗೆ ಈ "ಜಿಪಿಯು" ಅನ್ನುವ ಹೆಸರು ಜನರ ಬಾಯಿಗೆ ಬಂದದ್ದು 1999ರಲ್ಲಿ, ಎನ್ವಿಡಿಯಾ ಜೀಫೋರ್ಸ್ 256 ಬಿಟ್ಟಾಗ. ಅದಕ್ಕೂ ಮೊದಲು 1996ರಲ್ಲಿ ಬಂದ ವೂಡೂ ಕಾರ್ಡ್ ಬರೇ 3ಡಿ ಕೆಲಸ ಮಾಡುತ್ತಿತ್ತು, ಮಾಮೂಲಿ ಪರದೆಗೆ ಪಕ್ಕದಲ್ಲಿ ಇನ್ನೊಂದು ಕಾರ್ಡ್ ಬೇಕಿತ್ತು.

ನನ್ನದೂ ಒಂದು ಪ್ರಶ್ನೆ ಉಂಟು. ನನಗೆ ಗೇಮ್‌ಗೆ ಬೇಕು. 3060ರಲ್ಲಿ 12 ಜಿಬಿ, 4060ರಲ್ಲಿ 8 ಜಿಬಿ. ಹೊಸತರಲ್ಲಿ ಯಾಕೆ ಕಡಿಮೆ? ಯಾವುದು ಒಳ್ಳೆಯದು?

ಬಿಜೈ ಬೆಂಚ್

ಇದಕ್ಕೆ ಮೆಮೊರಿಯ ಒಳಗೆ ಸ್ವಲ್ಪ ಇಳಿಯಬೇಕು. ಕಟಪಾಡಿ ಅಣ್ಣನೂ ಓದಿ, ನಿಮ್ಮ 730ರ ಉತ್ತರವೂ ಇಲ್ಲೇ ಉಂಟು.

ಮೆಮೊರಿಯಲ್ಲಿ ಮೂರು ಸಂಗತಿ ಕೇಳಬೇಕು. ಎಷ್ಟು ಜಿಬಿ, ಯಾವ ಜಾತಿ (ಡಿಡಿಆರ್3, ಜಿಡಿಡಿಆರ್5 ಹೀಗೆ), ಬಸ್ ಎಷ್ಟು ಬಿಟ್. ಬಸ್ ಅಂದರೆ ಚಿಪ್‌ಗೂ ಮೆಮೊರಿಗೂ ನಡುವಿನ ದಾರಿಯ ಅಗಲ. ಬಸ್ಸಿನ ಬಿಟ್ ಅನ್ನು 8ರಿಂದ ಭಾಗಿಸಿ, ಮೆಮೊರಿಯ ವೇಗದಿಂದ ಗುಣಿಸಿ. ಸೆಕೆಂಡಿಗೆ ಎಷ್ಟು ಜಿಬಿ ಓಡಾಡಬಹುದು ಅಂತ ಸಿಗುತ್ತದೆ.

ಜಿಟಿ 730ರಲ್ಲಿ 64 ಬಿಟ್ ಬಸ್, ಡಿಡಿಆರ್3, ವೇಗ 1.8 ಇರುವ ಕಾರ್ಡ್ ಹಿಡಿಯಿರಿ. 64 ಭಾಗಿಸು 8 ಅಂದರೆ 8, ಗುಣಿಸು 1.8, ಬಂತು 14.4. ಈಗ ಜಿಟಿಎಕ್ಸ್ 1650 ಹಿಡಿಯಿರಿ. 128 ಬಿಟ್, ಜಿಡಿಡಿಆರ್5, ವೇಗ 8. ಅಂದರೆ 128. ನೋಡಿ, 4 ಜಿಬಿ 730, 4 ಜಿಬಿ 1650, ಬಾಕ್ಸ್ ಮೇಲೆ ಎರಡರಲ್ಲೂ 4 ಜಿಬಿ ಅಂತಲೇ ಇರುತ್ತದೆ. ಒಂದರಲ್ಲಿ 14.4, ಇನ್ನೊಂದರಲ್ಲಿ 128! ಹೆಚ್ಚು ಕಡಿಮೆ ಒಂಬತ್ತು ಪಟ್ಟು. 730ಕ್ಕೆ 4 ಜಿಬಿ ಕೊಟ್ಟರೆ ಆ ಚಿಪ್‌ಗೆ ಅಷ್ಟು ಜಾಗ ತುಂಬಿಸಿ ಖಾಲಿ ಮಾಡುವ ತಾಕತ್ತೇ ಇಲ್ಲ. ಸಾಲದ್ದಕ್ಕೆ 730 ಅನ್ನುವ ಒಂದೇ ಹೆಸರಲ್ಲಿ ಬೇರೆ ಬೇರೆ ಚಿಪ್, ಬೇರೆ ಬೇರೆ ಮೆಮೊರಿ ಹಾಕಿ ಮಾರಿದ್ದಾರೆ. ಜಿಟಿ 1030 ಕೂಡ ಹಾಗೆಯೇ. ಮೊದಲು ಜಿಡಿಡಿಆರ್5ರಲ್ಲಿ 48 ಇತ್ತು, 2018ರಲ್ಲಿ ಬಂದ ಡಿಡಿಆರ್4 ಕಾರ್ಡ್‌ನಲ್ಲಿ 16.8ಕ್ಕೆ ಇಳಿಯಿತು. ಹೆಸರು ಮಾತ್ರ ಅದೇ. ಕೊಳ್ಳುವವನಿಗೆ ಇದು ದೊಡ್ಡ ಅನ್ಯಾಯ ಅಂತ ನನ್ನ ಅಭಿಪ್ರಾಯ.

ಮಲ್ಪೆಯವರೇ, ನಿಮ್ಮ ಪ್ರಶ್ನೆ. 3060 12 ಜಿಬಿಯಲ್ಲಿ 192 ಬಿಟ್, ವೇಗ 15, ಅಂದರೆ 360. 4060ರಲ್ಲಿ 128 ಬಿಟ್, ವೇಗ 17, ಅಂದರೆ 272. ಕಡಿಮೆ ಆಯ್ತಲ್ವಾ? ಆದರೆ 4060ರ ಚಿಪ್ ಒಳಗೇ 24 ಎಂಬಿ ಎಲ್2 ಕ್ಯಾಶ್ ಉಂಟು, 3060ರಲ್ಲಿ 3 ಎಂಬಿ. ಆಗಾಗ ಬೇಕಾಗುವ ಡೇಟಾ ಚಿಪ್‌ನಲ್ಲೇ ಸಿಗುವುದರಿಂದ ಮೆಮೊರಿಗೆ ಹೋಗಿ ಬರುವುದು ಕಡಿಮೆ. ಹಾಗಾಗಿ ಹೆಚ್ಚಿನ ಗೇಮ್‌ಗಳಲ್ಲಿ 4060 ಮುಂದೆ. ಕರೆಂಟೂ ಕಡಿಮೆ, 3060ಕ್ಕೆ 170 ವ್ಯಾಟ್, 4060ಕ್ಕೆ 115. ಆದರೆ 8 ಜಿಬಿ ತುಂಬಿತು ಅಂದರೆ ಕಥೆ ಬೇರೆ. ಆಗ ಕಾರ್ಡ್ ಕಂಪ್ಯೂಟರಿನ ರ‍್ಯಾಮ್‌ಗೆ ಹೋಗಿ ಬರಬೇಕು, ಆ ದಾರಿ ತುಂಬಾ ನಿಧಾನ, ಗೇಮ್ ಜರ್ಕ್ ಹೊಡೆಯುತ್ತದೆ.

ಮಲ್ಪೆ ಗೇಮರ್

ಹಾಗಾದರೆ ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಚರ್ ಒಂದು ಹಂತ ಇಳಿಸಿದರೆ ಜರ್ಕ್ ಹೋಗುವುದು ಇದಕ್ಕೇನಾ?

ಬಿಜೈ ಬೆಂಚ್

ಅದಕ್ಕೇ. ಪರದೆಯ ಒಂದು ಫುಲ್ ಎಚ್‌ಡಿ ಚಿತ್ರಕ್ಕೆ ಬೇಕಾದ್ದು ಸುಮಾರು 8 ಎಂಬಿ ಅಷ್ಟೇ. ಜಾಗ ತಿನ್ನುವುದು ಗೋಡೆ, ಬಟ್ಟೆ, ಮುಖಗಳಿಗೆ ಅಂಟಿಸುವ ಟೆಕ್ಸ್ಚರ್. 4096 ಗುಣಿಸು 4096ರ ಒಂದು ಟೆಕ್ಸ್ಚರ್ ಒತ್ತದೆ ಇಟ್ಟರೆ 64 ಎಂಬಿ. ಗೇಮ್‌ಗಳು ಒತ್ತಿ ಇಡುತ್ತವೆ ನಿಜ, ಆದರೆ ಅಂಥವು ರಾಶಿ ಇರುತ್ತವೆ.

ಸುರತ್ಕಲ್ ಹಾಸ್ಟೆಲ್

ಇಲ್ಲಿ ಗೇಮ್, ವಿಡಿಯೋ ಮಾತ್ರ ಬಂತು. ನಮ್ಮಂಥವರಿಗೆ ಇದೇ ಕಾರ್ಡ್ ಮೆಷಿನ್ ಲರ್ನಿಂಗ್‌ಗೆ ಬೇಕು. ಎನ್ವಿಡಿಯಾ 2007ರಲ್ಲಿ "ಕೂಡಾ" (CUDA) ಅನ್ನುವ ಸಾಫ್ಟ್‌ವೇರ್ ವ್ಯವಸ್ಥೆ ಬಿಟ್ಟ ಮೇಲೆ ಚಿತ್ರ ಬಿಟ್ಟು ಬೇರೆ ಲೆಕ್ಕಕ್ಕೂ ಕಾರ್ಡ್ ಬಳಸುವುದು ಸುಲಭ ಆಯಿತು. 2012ರಲ್ಲಿ ಅಲೆಕ್ಸ್‌ನೆಟ್ ಅನ್ನುವ ಮಾಡೆಲ್ ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿತಲ್ಲ, ಅದಕ್ಕೆ ತರಬೇತಿ ಕೊಟ್ಟದ್ದು ಎರಡು ಜಿಟಿಎಕ್ಸ್ 580 ಕಾರ್ಡ್‌ಗಳಲ್ಲಿ. ಒಂದೊಂದರಲ್ಲಿ 3 ಜಿಬಿ ಮಾತ್ರ! ಅಂದರೆ ಗೇಮ್ ಆಡಲು ಅಂಗಡಿಯಲ್ಲಿ ಸಿಗುತ್ತಿದ್ದ ಕಾರ್ಡ್.

ಆದರೆ ಅಣ್ಣ, ಜಿಬಿ ಬರೇ ಜಾಗದ ಲೆಕ್ಕ ಅಂತ ಬದಿಗಿಡುವುದು ನಮಗೆ ಒಪ್ಪುವುದಿಲ್ಲ. ನಮಗೆ ಜಿಬಿಯೇ ಮೊದಲು. 700 ಕೋಟಿ ಪ್ಯಾರಾಮೀಟರ್ (ಮಾಡೆಲ್ ಒಳಗಿನ ಸಂಖ್ಯೆಗಳು) ಇರುವ ಭಾಷಾ ಮಾಡೆಲ್ 16 ಬಿಟ್‌ನಲ್ಲಿ ಇಟ್ಟರೆ 14 ಜಿಬಿ ಬೇಕು. 4 ಬಿಟ್‌ಗೆ ಇಳಿಸಿದರೆ ಮೂರೂವರೆ ಜಿಬಿ, ಮೇಲೆ ಸ್ವಲ್ಪ ಕೈಖರ್ಚು. ಕಾರ್ಡ್‌ನಲ್ಲಿ ಹಿಡಿಸದಿದ್ದರೆ ಒಂದೋ ಓಡುವುದೇ ಇಲ್ಲ, ಇಲ್ಲವೇ ತೆವಳುತ್ತದೆ. ಹಾಗಾಗಿ ಈ ಕೆಲಸಕ್ಕೆ 4060ಕ್ಕಿಂತ ಹಳೇ 3060 12 ಜಿಬಿಯೇ ವಾಸಿ.

ಬಿಜೈ ಬೆಂಚ್

ಒಪ್ಪಿದೆ ಮಾರಾಯ. ಕೆಲಸ ಯಾವುದು ಅಂತ ಕೇಳದೆ ಕಾರ್ಡ್ ಹೇಳಬಾರದು ಅನ್ನುವುದು ಇದಕ್ಕೇ. ನಿನಗೆ ಜಾಗ ಮುಖ್ಯ, ಮಲ್ಪೆಯವರಿಗೆ ವೇಗ, ಕಟಪಾಡಿ ಅಣ್ಣನಿಗೆ ಬಹುಶಃ ಮೂರನೆಯದು ಒಂದು. ಅದಕ್ಕೆ ಬರ್ತೇನೆ.

ಕಟಪಾಡಿ ಅಣ್ಣ, ಒಂದು ಕೆಲಸ ಮಾಡಿ. ಪ್ರೀಮಿಯರ್‌ನಲ್ಲಿ ಆ ಜರ್ಕ್ ಆಗುವ ಕ್ಲಿಪ್ ಓಡಿಸಿ. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ಗೆ ಹೋಗಿ, ಜಿಪಿಯು ಒತ್ತಿ. 3ಡಿ, ಕಾಪಿ, ವಿಡಿಯೋ ಡೀಕೋಡ್, ವಿಡಿಯೋ ಎನ್‌ಕೋಡ್ ಅಂತ ಬೇರೆ ಬೇರೆ ಗೆರೆ ಕಾಣುತ್ತದೆ. ಯಾವುದು ಮೇಲೇರುತ್ತದೆ ನೋಡಿ. ಸಿಪಿಯು, ಅಂದರೆ ಪ್ರೊಸೆಸರ್, ಎಷ್ಟು ಅಂತಲೂ ನೋಡಿ. ಮತ್ತೆ ಕ್ಯಾಮೆರಾದ ಮೆನುವಿನಲ್ಲಿ ಫೈಲ್ ಫಾರ್ಮ್ಯಾಟ್ ಯಾವುದು ಅಂತ ಬರೆಯಿರಿ.

ಕಾರ್ಕಳದ ಅಮ್ಮ

ಮಧ್ಯದಲ್ಲಿ ಕೇಳ್ತಿದ್ದೇನೆ, ಬೇಜಾರು ಮಾಡಬೇಡಿ. ಮಗಳಿಗೆ ಮಣಿಪಾಲದಲ್ಲಿ ಆರ್ಕಿಟೆಕ್ಚರ್ ಸೀಟು ಸಿಕ್ಕಿದೆ. ಲ್ಯಾಪ್‌ಟಾಪ್ ತೆಗೆಯಬೇಕು. ಎರಡು ಲ್ಯಾಪ್‌ಟಾಪ್ ನೋಡಿದೆವು, ಎರಡರಲ್ಲೂ 4060 ಅಂತ ಬರೆದಿದೆ. ಒಂದು ತೆಳ್ಳಗೆ, ಒಂದು ದಪ್ಪ. ತೆಳ್ಳಗಿನದ್ದು ಹೊರಲು ಸುಲಭ ಅಂತ ಮಗಳ ಆಸೆ. ಕಾರ್ಡ್ ಒಂದೇ ಅಲ್ವಾ?

ಬಿಜೈ ಬೆಂಚ್

ಅಕ್ಕ, ಬೇಜಾರು ಎಂತಕ್ಕೆ, ಒಳ್ಳೆಯ ಪ್ರಶ್ನೆ. ಹೆಸರು ಒಂದೇ, ಓಟ ಒಂದೇ ಅಲ್ಲ. ಲ್ಯಾಪ್‌ಟಾಪಿನ 4060ಗೆ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಕರೆಂಟ್ ಕೊಡಬೇಕು ಅಂತ ಲ್ಯಾಪ್‌ಟಾಪ್ ಮಾಡುವವರೇ ತೀರ್ಮಾನಿಸುತ್ತಾರೆ. ಇದಕ್ಕೆ ಟಿಜಿಪಿ ಅನ್ನುತ್ತಾರೆ. ತೆಳ್ಳಗಿನದ್ದರಲ್ಲಿ ಬಿಸಿ ಹೋಗಲು ಜಾಗ ಇಲ್ಲ, ಹಾಗಾಗಿ ಸಾಮಾನ್ಯವಾಗಿ ಕಡಿಮೆ ಕೊಟ್ಟಿರುತ್ತಾರೆ. ಅಂಗಡಿಯಲ್ಲಿ "ಟಿಜಿಪಿ ಎಷ್ಟು" ಅಂತ ನೇರ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಕಂಪೆನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ ನಂಬರ್ ಹಾಕಿ ನೋಡಿ.

ಆದರೆ ಮಗಳ ಕೆಲಸವನ್ನೂ ನೋಡಬೇಕು. ಮೊದಲ ವರ್ಷಗಳಲ್ಲಿ ಆಟೋಕ್ಯಾಡ್, ರೆವಿಟ್ ಅಂದರೆ ಪ್ರೊಸೆಸರ್ ಮತ್ತು ರ‍್ಯಾಮ್ ಹೆಚ್ಚು ಕೇಳುತ್ತದೆ. ಲುಮಿಯಾನ್, ಎನ್‌ಸ್ಕೇಪ್‌ನಂಥದ್ದರಲ್ಲಿ ಕಟ್ಟಡದೊಳಗೆ ನಡೆದಾಡಿದ ಹಾಗೆ ತೋರಿಸಬೇಕಾದಾಗ ಗ್ರಾಫಿಕ್ಸ್ ಕಾರ್ಡ್ ಮೇಲೆ ಪೂರ್ತಿ ಭಾರ. ದಿನಾ ಬ್ಯಾಗಿನಲ್ಲಿ ಹೊತ್ತುಕೊಂಡು ಹೋಗುವವಳು ಅವಳು, ಅವಳ ಮಾತಿಗೂ ಬೆಲೆ ಉಂಟು. ತೆಳ್ಳಗಿನದ್ದರಲ್ಲಿ ಟಿಜಿಪಿ ತೀರಾ ಕೆಳಗಿಲ್ಲದಿದ್ದರೆ, ರ‍್ಯಾಮ್ ಆಮೇಲೆ ಹೆಚ್ಚಿಸಲು ಆಗುವುದಾದರೆ, ಅದನ್ನೇ ಕೊಡಿಸಿ.

ಸುರತ್ಕಲ್ ಹಾಸ್ಟೆಲ್

ಅಕ್ಕ, ಇನ್ನೊಂದು ಸೇರಿಸ್ತೇನೆ. ಇಂಥ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಇರುತ್ತದೆ. ಪ್ರೊಸೆಸರಿನ ಒಳಗೊಂದು, ಬೇರೆ ಚಿಪ್ ಒಂದು. ಬ್ಯಾಟರಿ ಉಳಿಸಲು ವಿಂಡೋಸ್ ಕೆಲವೊಮ್ಮೆ ಒಳಗಿನದ್ದನ್ನೇ ಬಳಸುತ್ತದೆ. ಸೆಟ್ಟಿಂಗ್ಸ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ ಆ ಸಾಫ್ಟ್‌ವೇರ್ ಹೆಸರಿನ ಮುಂದೆ ಹೈ ಪರ್ಫಾರ್ಮೆನ್ಸ್ ಇಡಲು ಮಗಳಿಗೆ ಹೇಳಿ.

ಕಾರ್ಕಳದ ಅಮ್ಮ

ತುಂಬಾ ಉಪಕಾರ ಆಯ್ತು. ಟಿಜಿಪಿ ಅಂತ ಚೀಟಿಯಲ್ಲಿ ಬರೆದುಕೊಂಡೆ.

ಕಟಪಾಡಿ ಕ್ಯಾಮೆರಾ

ಬೆಂಚ್ ಅಣ್ಣ, ನೋಡಿದೆ. ಸಿಪಿಯು 100ಕ್ಕೆ ಹೋಗಿ ನಿಲ್ಲುತ್ತದೆ. ಜಿಪಿಯುನಲ್ಲಿ ವಿಡಿಯೋ ಡೀಕೋಡ್ 0. ಗೆರೆ ಅಲುಗಾಡುವುದೇ ಇಲ್ಲ. 3ಡಿ ಸ್ವಲ್ಪ ಏಳುತ್ತದೆ. ಕ್ಯಾಮೆರಾದಲ್ಲಿ ಎಕ್ಸ್‌ಎವಿಸಿ ಎಸ್ 4ಕೆ, 4:2:2 10 ಬಿಟ್ ಅಂತ ಉಂಟು.

ಬಿಜೈ ಬೆಂಚ್

ಸಿಕ್ಕಿತು. ಇದೇ ಆ ಮೂರನೆಯದು.

ಗ್ರಾಫಿಕ್ಸ್ ಚಿಪ್ ಒಳಗೆ ಆ ಸಾವಿರಾರು ಕೋರ್ ಬಿಟ್ಟು ಇನ್ನೊಂದು ಸಣ್ಣ ಭಾಗ ಇರುತ್ತದೆ. ವಿಡಿಯೋ ಒತ್ತುವುದು, ಬಿಚ್ಚುವುದು, ಇಷ್ಟೇ ಅದರ ಕೆಲಸ. ಕ್ಯಾಮೆರಾದ ಫೈಲ್ ತುಂಬಾ ಒತ್ತಿ ಇಟ್ಟದ್ದು. ಪ್ಲೇ ಮಾಡಬೇಕಾದರೆ ಒಂದೊಂದು ಫ್ರೇಮ್ ಬಿಚ್ಚಬೇಕು. ಈ ಭಾಗಕ್ಕೆ ಯಾವ ಫಾರ್ಮ್ಯಾಟ್ ಗೊತ್ತೋ ಅದು ಮಾತ್ರ ಬಿಚ್ಚಲು ಬರುತ್ತದೆ. ಗೊತ್ತಿಲ್ಲದ್ದು ಬಂದರೆ ಕೈ ಕಟ್ಟಿ ಕೂರುತ್ತದೆ, ಪೂರ್ತಿ ಭಾರ ಸಿಪಿಯು ಮೇಲೆ. ನಿಮಗೆ ಕಂಡದ್ದು ಅದೇ, ಡೀಕೋಡ್ 0, ಸಿಪಿಯು 100.

4:2:2 ಅಂದರೆ ಬಣ್ಣದ ಮಾಹಿತಿ ಎಷ್ಟು ಉಳಿಸಿಕೊಂಡಿದ್ದಾರೆ ಅನ್ನುವ ಲೆಕ್ಕ. ಮಾಮೂಲಿ 4:2:0ದಲ್ಲಿ ಬಣ್ಣವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧ ಮಾಡುತ್ತಾರೆ. 4:2:2ರಲ್ಲಿ ಅಡ್ಡಕ್ಕೆ ಮಾತ್ರ ಅರ್ಧ. ಯಕ್ಷಗಾನದ ಕೆಂಪು, ಹಸಿರು, ಬೇಗಡೆಗೆ ಇದು ಒಳ್ಳೆಯದೇ, ಕಲರ್ ಗ್ರೇಡಿಂಗ್ ಮಾಡುವಾಗ ಬಣ್ಣ ಒಡೆಯುವುದಿಲ್ಲ. ಆದರೆ ಎನ್ವಿಡಿಯಾದ 40 ಸರಣಿಯವರೆಗಿನ ಕಾರ್ಡ್‌ಗಳಿಗೆ 4:2:2 ಬಿಚ್ಚಲು ಬರುವುದಿಲ್ಲ. 4060 ಇರಲಿ, 4090 ಇರಲಿ, 16384 ಕೋರ್ ಇದ್ದರೂ ಡೀಕೋಡ್ ಗೆರೆ ಸೊನ್ನೆಯೇ.

ಸುರತ್ಕಲ್ ಹಾಸ್ಟೆಲ್

ಇಂಟೆಲ್ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್‌ನಲ್ಲಿ ವಿಡಿಯೋ ಬಿಚ್ಚುವ ಭಾಗ, ಕ್ವಿಕ್ ಸಿಂಕ್, 4:2:2 ಬಿಚ್ಚುತ್ತದಲ್ಲ? ಅಣ್ಣನದ್ದು 12400ಎಫ್. ಎಫ್ ಅಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ. ಅದನ್ನು ಕೊಟ್ಟು ಎಫ್ ಇಲ್ಲದ 12400 ಹಾಕಿದರೆ ಕಾರ್ಡೇ ಬೇಡ ಅಲ್ವಾ? ದುಡ್ಡು ಉಳಿಯಿತು.

ಬಿಜೈ ಬೆಂಚ್

ಒಳ್ಳೆಯ ಯೋಚನೆ, ಆದರೆ ಒಂದು ತೊಡಕು ಉಂಟು. 12400ರ ಕ್ವಿಕ್ ಸಿಂಕ್ 4:2:2 ಬಿಚ್ಚುವುದು ಎಚ್.265 ಅನ್ನುವ ಬಗೆಯಲ್ಲಿ ಒತ್ತಿದ ವಿಡಿಯೋದಲ್ಲಿ ಮಾತ್ರ. ಸೋನಿಯಲ್ಲಿ ಎಕ್ಸ್‌ಎವಿಸಿ ಎಸ್ ಅಂದರೆ ಎಚ್.264. ಎಕ್ಸ್‌ಎವಿಸಿ ಎಚ್‌ಎಸ್ ಅಂದರೆ ಎಚ್.265. ಅಣ್ಣ ಶೂಟ್ ಮಾಡಿದ್ದು ಎಸ್‌ನಲ್ಲಿ. ಮುಂದಿನ ಮದುವೆಗಳನ್ನು ಎಚ್‌ಎಸ್‌ನಲ್ಲಿ ತೆಗೆದರೆ ಆ ಪ್ರೊಸೆಸರ್ ಸಾಕು. ಆದರೆ ಈಗ ಹಾರ್ಡ್‌ಡಿಸ್ಕ್‌ನಲ್ಲಿ ಬಾಕಿ ಇರುವ ಯಕ್ಷಗಾನದ ಆಟಗಳಿಗೆ ಏನೂ ಪ್ರಯೋಜನ ಆಗುವುದಿಲ್ಲ.

ಎರಡನ್ನೂ ಬಿಚ್ಚುವುದು ಎನ್ವಿಡಿಯಾದ 50 ಸರಣಿ, 2025ರಲ್ಲಿ ಬಂದದ್ದು. ಆರ್‌ಟಿಎಕ್ಸ್ 5060 ಸಾಕು. 8 ಜಿಬಿ ಜಿಡಿಡಿಆರ್7, ಮೊದಲಿನ ಹಾಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ 448 ಜಿಬಿ ಬರುತ್ತದೆ, ಮೇಲೆ 4:2:2. ಪ್ರೀಮಿಯರ್ ಹೊಸ ಆವೃತ್ತಿ ಇರಬೇಕು, ಹಳೆಯದಕ್ಕೆ ಈ ಸೌಲಭ್ಯ ಗೊತ್ತಿಲ್ಲ.

ಮತ್ತೆ ಒಂದು ರೂಪಾಯಿ ಖರ್ಚಿಲ್ಲದ ದಾರಿಯೂ ಉಂಟು, ಅದನ್ನು ಇವತ್ತೇ ಮಾಡಿ. ಪ್ರೀಮಿಯರ್‌ನಲ್ಲಿ ಪ್ರಾಕ್ಸಿ ಮಾಡಿಟ್ಟುಕೊಳ್ಳಿ. ರಾತ್ರಿ ಮಲಗುವಾಗ ಹಾಕಿಟ್ಟರೆ ಕ್ಲಿಪ್‌ಗಳ ಹಗುರ ನಕಲು ತಯಾರಾಗುತ್ತದೆ. ಎಡಿಟ್ ಅದರಲ್ಲಿ, ಎಕ್ಸ್‌ಪೋರ್ಟ್ ಆಗುವಾಗ ಮೂಲ ಫೈಲ್ ತಾನಾಗಿ ಬರುತ್ತದೆ. ಜಾಗ ಸ್ವಲ್ಪ ಜಾಸ್ತಿ ಬೇಕು. ಇಡೀ ರಾತ್ರಿಯ ಆಟ ಆದರೆ ಪ್ರಾಕ್ಸಿಗೇ ತುಂಬಾ ಹೊತ್ತು ಹಿಡಿಯುತ್ತದೆ. ಅಷ್ಟು ಬಣ್ಣ ಬೇಡದ ಗೃಹಪ್ರವೇಶಕ್ಕೆ ಕ್ಯಾಮೆರಾವನ್ನೇ 4:2:0 8 ಬಿಟ್‌ಗೆ ಇಡಬಹುದು.

ಕಟಪಾಡಿ ಕ್ಯಾಮೆರಾ

ಅಬ್ಬಾ, ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಆ ಅಂಗಡಿಯ ಮಾತು ಕೇಳಿ 4 ಜಿಬಿ ತಂದಿದ್ದರೆ ಅದೇ ಜರ್ಕ್ ಇರುತ್ತಿತ್ತು. ಪ್ರಾಕ್ಸಿ ಇವತ್ತು ರಾತ್ರಿಯೇ ಹಾಕ್ತೇನೆ. 5060 ಬಜೆಟ್ ಒಳಗೆ ಸಿಕ್ಕಿದರೆ ತೆಗೆದುಕೊಳ್ಳುವುದು ಅಂತ ಮನಸ್ಸು. 450 ವ್ಯಾಟ್ ಎಸ್‌ಎಂಪಿಎಸ್ ಸಾಕಾ?

ಬಿಜೈ ಬೆಂಚ್

5060 ಎಳೆಯುವುದು 145 ವ್ಯಾಟ್. ಮದರ್‌ಬೋರ್ಡ್ ಸ್ಲಾಟ್‌ನಿಂದ 75 ವ್ಯಾಟ್ ಮಾತ್ರ ಸಿಗುತ್ತದೆ. ಉಳಿದದ್ದು ಎಸ್‌ಎಂಪಿಎಸ್‌ನಿಂದ ನೇರ ಬರುವ 8 ಪಿನ್ ಕೇಬಲ್‌ನಿಂದ ಬರಬೇಕು, ಆ ಕೇಬಲ್ 150 ವ್ಯಾಟ್ ತಡೆಯುತ್ತದೆ. ನಿಮ್ಮ ಎಸ್‌ಎಂಪಿಎಸ್‌ನಲ್ಲಿ ಅದು ಉಂಟಾ ನೋಡಿ. ಪ್ರೊಸೆಸರ್ ಪೂರ್ತಿ ದುಡಿದಾಗ 117 ವ್ಯಾಟ್‌ವರೆಗೆ ಹೋಗುತ್ತದೆ. ಲೆಕ್ಕಕ್ಕೆ 450 ಸಾಲುತ್ತದೆ ಅನ್ನಿಸುತ್ತದೆ, ಆದರೆ ಎನ್ವಿಡಿಯಾ ಹೇಳುವುದು 550. ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಸ್ಟಿಕರ್ ಮೇಲಿರುವ ವ್ಯಾಟ್ ಪೂರ್ತಿ ಸಿಗುವುದಿಲ್ಲ. ಇಲ್ಲಿ ಮಾತ್ರ ಚೌಕಾಸಿ ಬೇಡ ಅಣ್ಣ, ಒಳ್ಳೆಯ 550 ಹಾಕಿ. ಎಸ್‌ಎಂಪಿಎಸ್ ಸುಟ್ಟರೆ ಒಬ್ಬನೇ ಹೋಗುವುದಿಲ್ಲ, ಕಾರ್ಡ್ ಮತ್ತು ಬೋರ್ಡನ್ನೂ ಕರೆದುಕೊಂಡು ಹೋಗಬಹುದು.

ಯುಪಿಎಸ್ ಮರೆಯಬೇಡಿ. ಮನೆಯ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಮಾನಿಟರ್, ಕಾರ್ಡ್, ಪ್ರೊಸೆಸರ್ ಎಲ್ಲ ಒಟ್ಟಿಗೆ ಎಕ್ಸ್‌ಪೋರ್ಟ್‌ನಲ್ಲಿ ದುಡಿಯುವಾಗ ಕರೆಂಟ್ ಹೋಯಿತು ಅಂದರೆ ಅದು ಪಕ್ಕನೆ ಕೈಬಿಡಬಹುದು. 1 ಕೆವಿಎ ಆದರೆ ನೆಮ್ಮದಿ.

ಮಲ್ಪೆ ಗೇಮರ್

ಕಡಲ ಬದಿ ಇರುವವರಿಗೂ ಸ್ವಲ್ಪ ಹೇಳಿ ಅಣ್ಣ. ನನ್ನ ಹಳೆಯ ಕಾರ್ಡ್‌ನ ಪಟ್ಟಿ, ಸ್ಕ್ರೂ ಎಲ್ಲ ತುಕ್ಕು ಹಿಡಿದಿದೆ.

ಬಿಜೈ ಬೆಂಚ್

ಉಪ್ಪು ಗಾಳಿ, ಮಳೆಗಾಲದ ತೇವ, ಅದರ ಮೇಲೆ ಧೂಳು. ಈ ಮೂರೂ ಸೇರಿದರೆ ಹೀಟ್‌ಸಿಂಕ್ ಎಲೆಗಳ ನಡುವೆ ಅಂಟು ಪದರ ಕೂರುತ್ತದೆ, ಗಾಳಿ ಹಾಯುವುದಿಲ್ಲ, ಬಿಸಿಯಾದ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕ್ಯಾಬಿನೆಟ್ ಕಿಟಕಿ ಪಕ್ಕ ಇಡಬೇಡಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡುವುದಕ್ಕಿಂತ ಆಗಾಗ ಸ್ವಲ್ಪ ಹೊತ್ತು ಓಡಿಸುವುದು ಒಳ್ಳೆಯದು, ಒಳಗಿನ ತೇವ ಆರುತ್ತದೆ. ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅತಿ ವೇಗಕ್ಕೆ ಬೇರಿಂಗ್ ಹಾಳಾಗುತ್ತದೆ. ಸಿಡಿಲು ಇರುವಾಗ ಕರೆಂಟ್ ಪ್ಲಗ್ ಮಾತ್ರ ಅಲ್ಲ, ಇಂಟರ್‌ನೆಟ್ ಕೇಬಲ್ ಕೂಡ ಎಳೆದಿಡಿ. ಆ ದಾರಿಯಿಂದ ಬಂದು ಬೋರ್ಡ್ ಸುಟ್ಟದ್ದನ್ನು ಪ್ರತಿ ಮಳೆಗಾಲದಲ್ಲೂ ನೋಡ್ತೇನೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರೂ ಆ ಪಟ್ಟಿ, ಸ್ಕ್ರೂ, ಪೋರ್ಟ್‌ಗಳ ಬಾಯಿ ನೋಡಿ. ಅಲ್ಲಿ ತುಕ್ಕು ಜಾಸ್ತಿ ಇದ್ದರೆ ಒಳಗೂ ಇರಬಹುದು. ಎದುರೇ ಅರ್ಧ ಗಂಟೆ ಓಡಿಸಿ ತೋರಿಸದಿದ್ದರೆ ಬಿಟ್ಟು ಬನ್ನಿ.

ಕಟಪಾಡಿ ಕ್ಯಾಮೆರಾ

ಕೊನೆಯ ಪ್ರಶ್ನೆ. ಎರಡು ಫ್ಯಾನ್, ಮೂರು ಫ್ಯಾನ್ ಅಂತ ಬರುತ್ತದಲ್ಲ, ಯಾವುದು? ಕ್ಯಾಬಿನೆಟ್ ಸಣ್ಣದು. ಹಿಂದಿನ ಗೋಡೆಯಿಂದ ಹಾರ್ಡ್‌ಡಿಸ್ಕ್ ಗೂಡಿನವರೆಗೆ ಅಳೆದೆ, 26 ಸೆಂಟಿಮೀಟರ್ ಉಂಟು.

ಬಿಜೈ ಬೆಂಚ್

ಹಾಗಾದರೆ ಎರಡು ಫ್ಯಾನಿನದ್ದೇ ನೋಡಿ. 145 ವ್ಯಾಟ್‌ಗೆ ಅದು ಧಾರಾಳ. ಕಂಪೆನಿಯ ಪೇಜಿನಲ್ಲಿ ಉದ್ದ ಮಿಲಿಮೀಟರ್‌ನಲ್ಲಿ ಕೊಟ್ಟಿರುತ್ತಾರೆ, 245ರ ಒಳಗೆ ಇದ್ದರೆ ಕೇಬಲ್‌ಗೂ ಸ್ವಲ್ಪ ಜಾಗ ಉಳಿಯುತ್ತದೆ. ದಪ್ಪವೂ ನೋಡಿ, ಎರಡು ಸ್ಲಾಟ್ ಹಿಡಿಯುತ್ತದೆ.

ನಿಮ್ಮ ಮಾನಿಟರಿಗೆ ಬರೇ ವಿಜಿಎ ಇದ್ದರೆ ಮೊದಲೇ ಹೇಳಿ. ಹೊಸ ಕಾರ್ಡ್‌ಗಳಲ್ಲಿ ಎಚ್‌ಡಿಎಂಐ, ಡಿಸ್‌ಪ್ಲೇ ಪೋರ್ಟ್ ಮಾತ್ರ ಇರುತ್ತದೆ, ವಿಜಿಎಗೆ ಚಿಪ್ ಇರುವ ಅಡಾಪ್ಟರ್ ಬೇಕಾಗುತ್ತದೆ. ಕಾರ್ಡ್ ಕೂರಿಸಿದ ಮೇಲೆ ಕೇಬಲ್ ಕಾರ್ಡ್‌ಗೇ ಚುಚ್ಚಿ. ನಿಮ್ಮದು ಎಫ್ ಪ್ರೊಸೆಸರ್, ಬೋರ್ಡ್‌ನ ಪೋರ್ಟ್‌ಗೆ ಚುಚ್ಚಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ಹಳೇ 730ರ ಡ್ರೈವರ್ ತೆಗೆದು ಹೊಸದು ಹಾಕಿ, ಅದೇ ಕ್ಲಿಪ್ ಇನ್ನೊಮ್ಮೆ ಓಡಿಸಿ, ವಿಡಿಯೋ ಡೀಕೋಡ್ ಗೆರೆ ಎಷ್ಟು ಏರಿತು ಅಂತ ಇಲ್ಲೇ ಬರೆಯಿರಿ.